ಎರಡನೆಯ ದನಿ

ಡಿಸೆಂಬರು ಬಂತೆಂದರೆ ನಮ್ಮ ಊರಿನ ಎಷ್ಟೋ ಶಾಲೆಗಳಲ್ಲಿ ಪಾಠಕ್ಕಿಂತ ಹಾಡಿನ ಸದ್ದು ಹೆಚ್ಚು. ಆಬಿಡ್ಸಿನ ಸೇಂಟ್ ಜಾರ್ಜ್ ಚರ್ಚು, ಗನ್‌ಫೌಂಡ್ರಿಯ ಸೇಂಟ್ ಜೋಸೆಫ್ ಕೆಥೆಡ್ರಲ್, ಸಿಕಂದರಾಬಾದಿನ ಚರ್ಚುಗಳು, ಎಲ್ಲ ಕಡೆಯೂ ಕ್ರಿಸ್‌ಮಸ್ ಕ್ಯಾರಲುಗಳ ಅಭ್ಯಾಸ ನಡೆಯುವ ಕಾಲ ಅದು. ಕಾನ್ವೆಂಟಿಗೆ ಹೋಗುವ ನಮ್ಮ ಕನ್ನಡ ಮನೆಗಳ ಮಕ್ಕಳೂ ಆ ಹಾಡುಗಳನ್ನು ಮನೆಗೆ ಹೊತ್ತು ತರುತ್ತವೆ. ಬೆಳಿಗ್ಗೆ ಅಜ್ಜಿ ಹೇಳಿಕೊಟ್ಟ ದಾಸರ ಪದ, ಸಂಜೆ ಶಾಲೆಯ ಕ್ಯಾರಲು. ಒಂದೇ ಗಂಟಲು ಎರಡನ್ನೂ ಹಾಡುತ್ತದೆ. ಇದರಿಂದ ಅಜ್ಜಿಯಂದಿರಿಗೆ ಏನೂ ತೊಂದರೆಯಾದಂತೆ ಕಾಣುವುದಿಲ್ಲ. ತೊಂದರೆಯಾಗುವುದು ತಾಯಂದಿರಿಗೆ. “ನಮ್ಮ ಹುಡುಗಿಗೆ ಹಾಡಿನ ಮುಖ್ಯ ಧಾಟಿಯನ್ನು ಕೊಡಲಿಲ್ಲವಂತೆ, ನೀನು ಸೆಕೆಂಡ್ ಹಾಡು ಎಂದರಂತೆ. ಅವಳ ದನಿಗೆ ಏನಾಗಿದೆ?” ಎಂದು ಕೇಳುವವರು ನಮ್ಮ ಓದುಗರಲ್ಲೇ ಉಂಟು. ಸೆಕೆಂಡ್ ಎಂದರೆ ಎರಡನೆಯ ದರ್ಜೆ, ರೈಲಿನ ಡಬ್ಬಿಯ ಹಾಗೆ, ಎಂಬುದು ಅವರ ಭಾವನೆ.

ಈ ಸಲದ ನಮ್ಮ ಮಾತು ಅದರ ಮೇಲೆಯೇ. ಎರಡನೆಯ ದನಿ ಎಂದರೇನು, ಅದನ್ನು ಹಳೆಯ ಹಾಡಿಗೆ ಕೂಡಿಸುವುದು ಹೇಗೆ, ಕನ್ನಡದ ಮಾತಿಗೆ ಅದು ಒಗ್ಗುತ್ತದೆಯೆ? ವಿಷಯ ಸಂಗೀತದ್ದಾದರೂ ಪರಸ್ಥಳದಲ್ಲಿ ಬಾಳುವ ನಮ್ಮಂಥವರಿಗೆ ಅದರಲ್ಲಿ ಸ್ವಲ್ಪ ಸಂಸಾರದ ಮಾತೂ ಸಿಕ್ಕೀತು.

ನಮ್ಮ ಸಂಗೀತದಲ್ಲಿ ಹಾಡುವವನು ಒಬ್ಬ; ಉಳಿದವರು ಅವನ ಜೊತೆಗಾರರು. ಪಿಟೀಲು ಅವನ ನೆರಳು, ಮೃದಂಗ ಅವನ ಹೆಜ್ಜೆ, ತಂಬೂರಿ ಅವನು ನಿಂತ ನೆಲ. ಹತ್ತು ಮಂದಿ ಭಜನೆಗೆ ಕೂತರೂ ಹತ್ತು ಬಾಯಿಂದ ಹೊರಡುವುದು ಒಂದೇ ಧಾಟಿ. ಇದು ಕೊರತೆಯಲ್ಲ; ನಮ್ಮ ಸಂಗೀತದ ಸಂಪತ್ತೆಲ್ಲ ಆ ಒಂದು ಧಾಟಿಯ ಗಮಕದಲ್ಲಿ, ರಾಗದ ವಿಸ್ತಾರದಲ್ಲಿ ಇದೆ. ಪಾಶ್ಚಾತ್ಯರು ಬೇರೆ ದಾರಿ ಹಿಡಿದರು. ಗಮಕವನ್ನು ಕಡಮೆ ಮಾಡಿ ಸ್ವರವನ್ನು ನೆಟ್ಟಗೆ ನಿಲ್ಲಿಸಿದರು. ಹಾಗೆ ನಿಂತ ಸ್ವರದ ಎದುರಿಗೆ ಇನ್ನೊಂದು ಸ್ವರವನ್ನು ನಿಲ್ಲಿಸಲು ಅವರಿಗೆ ಸಾಧ್ಯವಾಯಿತು.

ಎರಡನೆಯ ದನಿಯಲ್ಲಿಯೂ ಎರಡು ಜಾತಿ. ಮೊದಲನೆಯದನ್ನು ನಾವು ಜೊತೆದನಿ ಎನ್ನೋಣ. ಮುಖ್ಯ ಧಾಟಿ ಎಲ್ಲಿಗೆ ಹೋದರೂ ಅದು ಎರಡು ಮೂರು ಮೆಟ್ಟಿಲು ಕೆಳಗಿದ್ದುಕೊಂಡು ಹಿಂದೆಯೇ ಬರುತ್ತದೆ. ತಾಯಿಯ ಕೈಹಿಡಿದು ಪೇಟೆಗೆ ಹೋಗುವ ಮಗುವಿನ ಹಾಗೆ. ‘ಸೈಲೆಂಟ್ ನೈಟ್’ ಎಂಬ ಕ್ಯಾರಲನ್ನು ಕೇಳದವರು ಯಾರು? ಲೋಕವೆಲ್ಲ ಅದನ್ನು ಒಂದು ಧಾಟಿಯ ಹಾಡೆಂದೇ ಬಲ್ಲದು. ಆದರೆ ಅದು ಹುಟ್ಟಿದ್ದೇ ಎರಡು ದನಿಗಳಲ್ಲಿ. 1818ರ ಡಿಸೆಂಬರ್ 24ರಂದು ಆಸ್ಟ್ರಿಯ ದೇಶದ ಸಾಲ್ಜ್‌ಬರ್ಗಿಗೆ ಹತ್ತಿರದ ಓಬರ್ನ್‌ಡಾರ್ಫ್ ಎಂಬ ಊರಿನಲ್ಲಿ, ಪದ ಬರೆದ ಜೋಸೆಫ್ ಮೋರ್ ಎಂಬ ಪಾದ್ರಿಯೂ ಅದಕ್ಕೆ ಧಾಟಿ ಕಟ್ಟಿದ ಫ್ರಾನ್ಸ್ ಗ್ರೂಬರ್ ಎಂಬ ಉಪಾಧ್ಯಾಯನೂ ಗಿಟಾರಿನ ಜೊತೆಯಲ್ಲಿ ಅದನ್ನು ಇಬ್ಬರೂ ಕೂಡಿ ಹಾಡಿದರು. ಒಬ್ಬರಿಗೆ ಮೇಲಿನ ದನಿ, ಒಬ್ಬರಿಗೆ ಕೆಳಗಿನ ದನಿ. ಕೆಳಗಿನ ದನಿ ಹಾಡಿದವನು ಹಾಡು ಕಟ್ಟಿದವನೇ ಎಂಬುದನ್ನು ನಮ್ಮ ತಾಯಂದಿರು ಗಮನಿಸಬೇಕು.

ಎರಡನೆಯ ಜಾತಿಗೆ ಅವರಲ್ಲಿ ಕೌಂಟರ್‌ಪಾಯಿಂಟ್ ಎಂದು ಹೆಸರು. ನಾವು ಎದುರುದನಿ ಎಂದು ಕರೆಯೋಣ. ಇಲ್ಲಿ ಎರಡನೆಯವಳು ಮೊದಲನೆಯವಳ ಕೈಹಿಡಿದು ನಡೆಯುವುದಿಲ್ಲ. ಅವಳದೂ ಒಂದು ಸ್ವಂತ ಧಾಟಿ, ಬೇರೆ ಹಾಡಿದರೂ ಕೇಳುವಂತಿರುವ ಧಾಟಿ. ಆದರೂ ಎರಡನ್ನೂ ಕೂಡಿಸಿ ಹಾಡಿದಾಗ ಒಂದಕ್ಕೊಂದು ಒಪ್ಪುತ್ತದೆ. ಆ ಹೆಸರಿನ ಮೂಲ ಲ್ಯಾಟಿನ್ ಮಾತು. ಚುಕ್ಕಿಗೆ ಎದುರಾಗಿ ಚುಕ್ಕಿ ಎಂದು ಅದರ ಅರ್ಥ. ಸ್ವರಗಳನ್ನು ಚುಕ್ಕಿಯಾಗಿ ಬರೆಯುತ್ತಿದ್ದ ಕಾಲದಲ್ಲಿ ಹುಟ್ಟಿದ ಹೆಸರು. ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬಾಗಿಲ ಮುಂದೆ ಚುಕ್ಕಿಯಿಟ್ಟು ಎಳೆ ರಂಗೋಲಿ ಹಾಕುವಾಗ ಎಳೆ ಚುಕ್ಕಿಯನ್ನು ಮುಟ್ಟದೆ ಸುತ್ತಿ ಸುಳಿದು ಬರುತ್ತದೆ. ಎಳೆಯ ನಡೆ ಎಳೆಯದೇ. ಆದರೆ ಚುಕ್ಕಿ ಇಲ್ಲದಿದ್ದರೆ ಆ ಎಳೆಗೆ ದಾರಿಯೇ ಇಲ್ಲ. ಹಳೆಯ ಕ್ಯಾರಲಿನ ಧಾಟಿಯೇ ಚುಕ್ಕಿ. ಅದನ್ನು ಒಂದಿಷ್ಟೂ ಕದಲಿಸದೆ ಸುತ್ತ ಎಳೆಯಿಡುವುದೇ ಈ ವಿದ್ಯೆ.

ಈ ವಿದ್ಯೆಗೆ ಒಂದು ಪ್ರಸಿದ್ಧ ಪಾಠಪುಸ್ತಕವಿದೆ. ವಿಯೆನ್ನದಲ್ಲಿದ್ದ ಯೋಹಾನ್ ಫುಕ್ಸ್ ಎಂಬ ಸಂಗೀತಗಾರ 1725ರಲ್ಲಿ ಲ್ಯಾಟಿನ್ನಿನಲ್ಲಿ ಬರೆದದ್ದು. ನಮ್ಮ ಶಾಸ್ತ್ರಗ್ರಂಥಗಳ ಹಾಗೆಯೇ ಗುರುಶಿಷ್ಯ ಸಂವಾದದ ರೂಪದಲ್ಲಿದೆ. ಪಾಠ ಐದು ಮೆಟ್ಟಿಲು. ಮೊದಲು ಒಂದು ಸ್ವರಕ್ಕೆ ಎದುರಾಗಿ ಒಂದು, ಆಮೇಲೆ ಒಂದಕ್ಕೆ ಎರಡು, ಆಮೇಲೆ ನಾಲ್ಕು, ನಾಲ್ಕನೆಯದರಲ್ಲಿ ಸ್ವರವನ್ನು ತಾಳದ ಪೆಟ್ಟಿನಾಚೆಗೂ ಹಿಡಿದು ನಿಲ್ಲಿಸುವುದು, ಐದನೆಯದರಲ್ಲಿ ಎಲ್ಲವನ್ನೂ ಬೆರೆಸುವುದು. ಹೈಡನ್ನನಂಥ ದೊಡ್ಡ ಸಂಗೀತಗಾರನೂ ಬಡತನದ ದಿನಗಳಲ್ಲಿ ಈ ಪುಸ್ತಕವನ್ನಿಟ್ಟುಕೊಂಡು ತಾನೇ ಕಲಿತ.

ನಿಯಮಗಳು ಕೇಳುವುದಕ್ಕೆ ಒರಟಾದರೂ ಒಳಗೆ ಸಂಸಾರದ ಬುದ್ಧಿಯಿದೆ. ‘ಸ’ ಎಂಬುದರ ಜೊತೆಗೆ ‘ಗ’ ಬಂದರೆ ಸವಿ, ‘ಪ’ ಬಂದರೆ ಗಟ್ಟಿ, ‘ದ’ ಬಂದರೆ ಮೃದು. ‘ರಿ’ ಅಥವಾ ‘ನಿ’ ಬಂದರೆ ಕಹಿ. ಕಹಿ ಕೂಡದು ಎಂದಲ್ಲ. ಯುಗಾದಿಯ ಬೇವುಬೆಲ್ಲದ ಹಾಗೆ ಕಹಿಯ ಹಿಂದೆಯೇ ಸವಿ ಬರಬೇಕು, ಅಷ್ಟೆ. ಒಂದು ದನಿ ಏರುವಾಗ ಇನ್ನೊಂದು ಇಳಿದರೆ ಲೇಸು. ಒಂದು ನಿಂತಾಗ ಇನ್ನೊಂದು ನಡೆದರೆ ಲೇಸು. ಇಬ್ಬರೂ ಒಟ್ಟಿಗೆ ಓಡಿ ಒಟ್ಟಿಗೆ ನಿಂತರೆ ಕೇಳುವವನಿಗೆ ಉಸಿರು ಕಟ್ಟುತ್ತದೆ.

ಚಿಕ್ಕದೊಂದು ಪ್ರಯೋಗ ಮಾಡಿ ನೋಡಿ. ಅಕ್ಕ ‘ಸ ರಿ ಗ’ ಎಂದು ಹತ್ತಲಿ. ಅದೇ ಹೊತ್ತಿಗೆ ತಂಗಿ ‘ಗ ರಿ ಸ’ ಎಂದು ಇಳಿಯಲಿ. ಮೊದಲು ‘ಸ’ಕ್ಕೆ ‘ಗ’, ನಡುವೆ ‘ರಿ’ಯಲ್ಲಿ ಇಬ್ಬರೂ ಒಂದು, ಕೊನೆಗೆ ‘ಗ’ಕ್ಕೆ ‘ಸ’. ಇಬ್ಬರೂ ಜಾಗ ಬದಲಾಯಿಸಿಕೊಂಡರು. ಕೇಳುವ ಸ್ವರಜೋಡಿ ಮಾತ್ರ ಮೊದಲಿಗೂ ಕೊನೆಗೂ ಅದೇ. ಕೋಲಾಟದ ಎರಡು ಸಾಲು ಒಂದರೊಳಗೊಂದು ಹಾದು ಆಚೆಗೆ ನಿಂತ ಹಾಗೆ. ಹಾರ್ಮೋನಿಯಂ ಇರುವ ಮನೆಯಲ್ಲಿ ಒಂದು ನಿಮಿಷದ ಕೆಲಸ ಇದು.

ನಿಯಮಗಳಲ್ಲಿ ಒಂದು ಮಾತ್ರ ಬಹು ಕಟ್ಟುನಿಟ್ಟಿನದು. ಎರಡು ದನಿಗಳು ‘ಸ-ಪ’ದ ಅಂತರವನ್ನು ಹಿಡಿದು, ಅದೇ ಅಂತರದಲ್ಲಿಯೇ ಮುಂದಿನ ಸ್ವರಕ್ಕೆ ಒಟ್ಟಿಗೆ ಜರುಗಕೂಡದು, ‘ಸ’ದಿಂದ ಮೇಲಿನ ‘ಸ’ದ ಅಂತರಕ್ಕೂ ಅದೇ ನಿಷೇಧ. ಕಾರಣ ಸರಳ. ಆ ಅಂತರಗಳಲ್ಲಿ ಸ್ವರಗಳು ಒಂದರೊಳಗೊಂದು ಎಷ್ಟು ಬೆರೆಯುತ್ತವೆಂದರೆ ಎರಡು ದನಿ ಹಾಡುತ್ತಿದ್ದರೂ ಕಿವಿಗೆ ಒಂದೇ ಕೇಳುತ್ತದೆ. ಎರಡನೆಯವಳು ಇದ್ದೂ ಇಲ್ಲದಂತಾಗುತ್ತಾಳೆ. ಈ ನಿಯಮವನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಹಳೆಯ ಕ್ಯಾರಲಿಗೆ ಎದುರುದನಿ ಕಟ್ಟಿದವರಲ್ಲಿ ಎಲ್ಲರಿಗಿಂತ ಎತ್ತರದವನು ಜರ್ಮನಿಯ ಯೋಹಾನ್ ಸೆಬಾಸ್ಟಿಯನ್ ಬಾಖ್. ಅವನು ಎತ್ತಿಕೊಂಡ ಹಾಡಿನ ಕಥೆಯೂ ಸ್ವಾರಸ್ಯವಾಗಿದೆ. ಮಾರ್ಟಿನ್ ಲೂಥರ್ ತನ್ನ ಮನೆಯ ಮಕ್ಕಳ ಕ್ರಿಸ್‌ಮಸ್ಸಿಗೆಂದು ಹದಿನೈದು ನುಡಿಗಳ ಒಂದು ಪದ ಬರೆದ, ‘ಫೋಮ್ ಹಿಮ್ಮೆಲ್ ಹೋಖ್’ ಎಂದು ಅದಕ್ಕೆ ಹೆಸರು, 1535ರಲ್ಲಿ ಅಚ್ಚಾಯಿತು. ದೇವದೂತ ಸುದ್ದಿ ತರುವ ಈ ಪದಕ್ಕೆ ಅವನು ಮಾದರಿಯಾಗಿ ಹಿಡಿದದ್ದು ಬೀದಿಯ ಒಂದು ಒಗಟಿನ ಹಾಡನ್ನು, ಪರದೇಶದಿಂದ ಬಂದವನೊಬ್ಬ ಹೊಸ ಸುದ್ದಿ ಹೇಳುವ ಹಾಡನ್ನು. ಮೊದಲು ಆ ಒಗಟಿನ ಧಾಟಿಯಲ್ಲಿಯೇ ಹಾಡುತ್ತಿದ್ದರು. ಈಗ ಎಲ್ಲರೂ ಹಾಡುವ ಧಾಟಿ 1539ರಲ್ಲಿ ಅಚ್ಚಾಯಿತು. ಸಾಲಿಗೆ ಎಂಟು ಅಕ್ಷರ, ನಾಲ್ಕೇ ಸಾಲು. ಮಗು ಒಂದು ಸಂಜೆಯಲ್ಲಿ ಕಲಿಯುವಂಥದು.

ಇನ್ನೂರು ವರ್ಷಗಳ ಮೇಲೆ, 1747ರಲ್ಲಿ, ಬಾಖ್ ಒಂದು ವಿದ್ವತ್ಸಭೆಗೆ ಸದಸ್ಯನಾಗಿ ಸೇರಿದ. ಸೇರುವಾಗ ಪಾಂಡಿತ್ಯಕ್ಕೆ ಗುರುತಾಗಿ ಏನಾದರೂ ಒಪ್ಪಿಸಬೇಕು. ಆಗ ಅವನಿಗೆ 62 ವರ್ಷ. ಅವನು ಒಪ್ಪಿಸಿದ್ದು ಈ ಮಕ್ಕಳ ಹಾಡನ್ನೇ, ಆರ್ಗನ್ನಿಗಾಗಿ ಐದು ಬಗೆಯಲ್ಲಿ ಎದುರುದನಿ ಕಟ್ಟಿ. ಮೊದಲನೆಯದರಲ್ಲಿ ಹಳೆಯ ಧಾಟಿ ಕಾಲುಮಣೆಯ ಮೇಲೆ ಕೆಳದನಿಯಲ್ಲಿ ನಿಧಾನವಾಗಿ ನಡೆಯುತ್ತದೆ. ಮೇಲೆ ಎರಡು ದನಿಗಳು ಒಂದು ಹೇಳಿದ್ದನ್ನು ಸ್ವಲ್ಪ ತಡೆದು ಇನ್ನೊಂದು ಹೇಳುತ್ತ ಬೆನ್ನಟ್ಟುತ್ತವೆ. ಬೇರೊಂದರಲ್ಲಿ ಧಾಟಿಯನ್ನೇ ತಲೆಕೆಳಗು ಮಾಡಿ, ಏರುವಲ್ಲಿ ಇಳಿಸಿ ಇಳಿಯುವಲ್ಲಿ ಏರಿಸಿ, ಅದರ ಎದುರಿಗೇ ನಿಲ್ಲಿಸುತ್ತಾನೆ. ಅದರ ಕೊನೆಯಲ್ಲಿ ಹಾಡಿನ ನಾಲ್ಕು ಸಾಲುಗಳೂ ಒಂದೇ ಹೊತ್ತಿಗೆ ಕೇಳಿಬರುತ್ತವೆ. ಇಷ್ಟೆಲ್ಲ ಆದರೂ ಮೂಲದ ಧಾಟಿ ಹಾಳಾಗುವುದಿಲ್ಲ. ಅದು ಮಕ್ಕಳ ಹಾಡಾಗಿಯೇ ಉಳಿದಿದೆ. ಪಂಡಿತರು ಮುಟ್ಟಿದ ಮೇಲೂ ಮಕ್ಕಳಿಗೆ ಉಳಿದದ್ದು ಲೋಕದಲ್ಲಿ ಎಷ್ಟಿದೆ?

ಇಂಥ ಹಾಡುಗಳ ನಡುವೆ ಬೆಳೆದ ಜರ್ಮನ್ ಮತ್ತು ಸ್ವಿಸ್ ಜನರೇ ಹಡಗು ಹತ್ತಿ ನಮ್ಮ ಕರಾವಳಿಗೆ ಬಂದರು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿನಲ್ಲಿ ಇಳಿದು ಬಾಸೆಲ್ ಮಿಶನ್ನಿನ ಕೆಲಸ ತೊಡಗಿದರು. ಹೆಂಚು, ಮಗ್ಗ, ಅಚ್ಚುಕೂಟ, 1843ರ ‘ಮಂಗಳೂರ ಸಮಾಚಾರ’, ಇವೆಲ್ಲ ನಮ್ಮ ಓದುಗರಿಗೆ ತಿಳಿದ ಸಂಗತಿಗಳು. ಅವರ ಜೊತೆಗೆ ನಾಲ್ಕು ದನಿಗಳಲ್ಲಿ ಹಾಡುವ ಪದ್ಧತಿಯೂ ಬಂತು. ಜರ್ಮನ್ ಧಾಟಿಗಳಿಗೆ ಕನ್ನಡದ ಮಾತನ್ನು ಹೊಂದಿಸಿ ಸಂಗೀತಪುಸ್ತಕ ಮಾಡಿದರು. ಅಲ್ಲಿ ತೊಡಕು ಎದ್ದಿತು. ಕನ್ನಡದಲ್ಲಿ ಕ್ಯಾರಲು ಹೊಂದಿಸಹೊರಟವರಿಗೆ ಇಂದಿಗೂ ಏಳುವ ತೊಡಕು ಅದೇ.

ಮೊದಲನೆಯದು ಹ್ರಸ್ವ ದೀರ್ಘದ ತೊಡಕು. ಕ್ರಿಸ್‌ಮಸ್ಸಿನ ಹಾಡೆಂದ ಮೇಲೆ ಕುರುಬರು ಬರಬೇಕು, ಕುರಿ ಬರಬೇಕು, ಮರಿ ಬರಬೇಕು. ಧಾಟಿಯೋ ಮೂರು ಪೆಟ್ಟಿನ ತೂಗುನಡೆ: ಮೊದಲ ಅಕ್ಷರಕ್ಕೆ ಎರಡು ಪೆಟ್ಟು, ಎರಡನೆಯದಕ್ಕೆ ಒಂದು. ಅದರೊಳಗೆ ‘ಮರಿ’ಯನ್ನು ಕೂರಿಸಿದರೆ ಹಾಡುವಾಗ ಅದು ‘ಮಾರಿ’ಯಾಗುತ್ತದೆ! ಕೊಟ್ಟಿಗೆಯ ಮಗುವಿನ ಬಳಿಗೆ ಮಾರಿಯನ್ನು ಕರೆತಂದಂತಾಯಿತು. ‘ಬಲ’ ಎಂಬುದು ‘ಬಾಲ’ವಾಗುತ್ತದೆ, ‘ಹಸು’ ‘ಹಾಸು’ ಆಗುತ್ತದೆ. ನಮ್ಮ ಕೀರ್ತನೆಗಳಲ್ಲಿ ಹ್ರಸ್ವವನ್ನು ಎಳೆಯುವುದಿಲ್ಲವೆ ಎಂದು ಕೇಳಬಹುದು. ಎಳೆಯುತ್ತೇವೆ. ಆದರೆ ಅಲ್ಲಿ ಹಾಡುವವನು ಒಬ್ಬ, ಸಾಲು ನಾಲ್ಕು ಸಲ ಮರಳಿ ಬರುತ್ತದೆ. ಕಿವಿಗೆ ಅರ್ಥ ಹಿಡಿಯಲು ಪುರುಸೊತ್ತು ಉಂಟು. ನಾಲ್ಕು ದನಿಗಳು ನಾಲ್ಕು ಕಡೆಯಿಂದ ಒಂದೇ ಸಲ ಬಂದಾಗ ಆ ಪುರುಸೊತ್ತು ಎಲ್ಲಿ?

ಎರಡನೆಯದು ಎತ್ತುಗಡೆಯ ತೊಡಕು. ಜರ್ಮನ್, ಇಂಗ್ಲಿಷ್ ಪದಗಳ ಹಿಂದೆ ಚಿಕ್ಕ ಚಿಕ್ಕ ಬಾಲಂಗೋಚಿ ಮಾತುಗಳಿರುತ್ತವೆ. ಅವನ್ನು ಪೆಟ್ಟಿಗೆ ಮುಂಚೆ ಹಾಡಿ ಮುಖ್ಯ ಅಕ್ಷರವನ್ನು ಪೆಟ್ಟಿನ ಮೇಲೆ ಇಳಿಸುತ್ತಾರೆ. ಕನ್ನಡದ ಶಬ್ದಕ್ಕೆ ಮೊದಲ ಅಕ್ಷರದಲ್ಲಿಯೇ ಒತ್ತು; ವಿಭಕ್ತಿ, ಪ್ರತ್ಯಯಗಳೆಲ್ಲ ಬೆನ್ನ ಹಿಂದೆ. ಆದ್ದರಿಂದಲೇ ಇಂಥ ಅನುವಾದಗಳಲ್ಲಿ ಸಾಲಿನ ಆದಿಯಲ್ಲಿ ‘ಓ’, ‘ಹೇ’, ‘ಆ’ ಎಂಬ ಕೂಗುಗಳು ಅಷ್ಟೊಂದು ಕಾಣುವುದು. ಅದು ಭಕ್ತಿಯ ಉಕ್ಕು ಮಾತ್ರವಲ್ಲ, ತಾಳದ ಗುಂಡಿ ಮುಚ್ಚುವ ಮಣ್ಣೂ ಹೌದು.

ಮೂರನೆಯದು ಎದುರುದನಿಯೇ ತರುವ ತೊಡಕು. ಒಬ್ಬರು ‘ಮರಿ’ ಎನ್ನುವಾಗ ಇನ್ನೊಬ್ಬರು ಮುಂದಿನ ಮಾತಿಗೆ ಹೋಗಿರುತ್ತಾರೆ. ಸಂತೆಯ ಗದ್ದಲದ ಹಾಗೆ ಯಾವ ಮಾತೂ ತಿಳಿಯದು. ಇದು ಕನ್ನಡಕ್ಕೆ ಮಾತ್ರ ಬಂದ ಕಷ್ಟವಲ್ಲ; 16ನೆಯ ಶತಮಾನದ ಯೂರೋಪಿನ ಧರ್ಮಗುರುಗಳೂ ಇದೇ ದೂರು ಹೇಳಿದ್ದರು.

ಮಂಗಳೂರಿನವರಲ್ಲಿ ಈ ಕಷ್ಟದ ಬುಡವನ್ನೇ ಹುಡುಕಿದವರು ಫರ್ಡಿನೆಂಡ್ ಕಿಟ್ಟೆಲ್. 1853ರಲ್ಲಿ ನಮ್ಮ ನಾಡಿಗೆ ಬಂದ ಅವರು 1862ರಲ್ಲಿ ‘ಕಥಾಮಾಲೆ’ ಎಂಬ ಕ್ರಿಸ್ತಚರಿತ್ರೆಯನ್ನು ಪ್ರಕಟಿಸಿದರು. ಅದು ಜರ್ಮನ್ ಅಳತೆಯಲ್ಲಿಲ್ಲ, ನಮ್ಮ ಛಂದಸ್ಸಿನಲ್ಲಿದೆ. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಅಚ್ಚುಹಾಕಿಸಿದರು. 1894ರ ಅವರ ನಿಘಂಟನ್ನು ಎಲ್ಲರೂ ಹೊಗಳುತ್ತಾರೆ. ಈ ಛಂದಸ್ಸಿನ ಕೆಲಸವನ್ನು ನೆನೆಯುವವರು ಕಡಮೆ. ಪರಭಾಷೆಯವರ ಎದುರಿಗೆ ತನ್ನ ದನಿ ಎತ್ತುವ ಮೊದಲು ಅವರ ಧಾಟಿಯನ್ನು ಚುಕ್ಕಿಚುಕ್ಕಿಯಾಗಿ ಅರಿತವನು ಒಳ್ಳೆಯ ಎರಡನೆಯ ದನಿ. ಕಿಟ್ಟೆಲರು ಕನ್ನಡಕ್ಕೆ ಅಂಥವರು.

ಬೇರೆ ದಾರಿ ಹಿಡಿದವರೂ ಇದ್ದಾರೆ. ಮುತ್ತುಸ್ವಾಮಿ ದೀಕ್ಷಿತರು ಬ್ಯಾಂಡಿನ ಇಂಗ್ಲಿಷ್ ಧಾಟಿಗಳನ್ನು ಕೇಳಿ ಶಂಕರಾಭರಣದಲ್ಲಿ ಸುಮಾರು 40 ನೋಟ್ಟುಸ್ವರಗಳನ್ನು ರಚಿಸಿದರು; ಧಾಟಿಯನ್ನು ತೆಗೆದುಕೊಂಡರು, ಎರಡನೆಯ ದನಿಯನ್ನು ಬಿಟ್ಟರು. ಮೈಸೂರಿನ ಜಯಚಾಮರಾಜ ಒಡೆಯರು ಪಿಯಾನೋ ಬಲ್ಲವರು, ರಷ್ಯದ ಸಂಗೀತಗಾರ ಮೆಡ್ಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು. ಆದರೆ ತಾವು ಕೃತಿ ರಚಿಸಲು ಕೂತಾಗ ಶುದ್ಧ ಕರ್ನಾಟಕ ಸಂಪ್ರದಾಯದಲ್ಲಿಯೇ ರಚಿಸಿದರು. ಒಂದೇ ಮನಸ್ಸಿನಲ್ಲಿ ಎರಡು ಧಾಟಿಗಳು, ಒಂದನ್ನೊಂದು ಕೆಡಿಸದೆ.

ಹಾಗಾದರೆ ಮನೆಯಲ್ಲಿ ಅಥವಾ ಸಂಘದ ಕೂಟದಲ್ಲಿ ನಾಲ್ಕು ಜನ ಸೇರಿ ಕನ್ನಡದ ಕ್ಯಾರಲೊಂದನ್ನು ಹಾಡಬೇಕಾದರೆ ಏನು ಮಾಡಬೇಕು? ನಮಗೆ ತೋರುವ ಕ್ರಮ ಇದು. ಇಬ್ಬರು ಧಾಟಿ ಹಿಡಿಯಲಿ. ಒಬ್ಬರು ‘ಸ’ ಹಿಡಿದು ನಿಲ್ಲಲಿ. ಒಬ್ಬರು ಎದುರುದನಿ ಹಾಡಲಿ. ಮಾತೆಲ್ಲ ಧಾಟಿಗೇ ಇರಲಿ. ಎದುರುದನಿಗೆ ‘ಆ’ಕಾರ ಸಾಕು, ಇಲ್ಲವೆ ‘ಸ್ತೋತ್ರ’ ಎಂಬಂಥ ಒಂದೇ ಮಾತು. ಸಾಲಿನ ಕೊನೆಯಲ್ಲಿ ಎಲ್ಲರೂ ಒಂದೇ ಅಕ್ಷರದ ಮೇಲೆ ಕೂಡಲಿ. ಉದ್ದ ಸ್ವರ ಬರುವಲ್ಲಿ ‘ತಾರೆ’, ‘ತಾಯಿ’, ‘ಶಾಂತಿ’ ಎಂಬ ದೀರ್ಘದ ಮಾತನ್ನೇ ಇಡಿ; ಮರಿ ಕುರಿಗಳನ್ನು ಓಡುವ ಸ್ವರಗಳ ಕಡೆಗೆ ಅಟ್ಟಿ. ಮೊದಲ ನುಡಿಯನ್ನು ಧಾಟಿಯೊಂದೇ ಹಾಡಿ ಕಿವಿಗೆ ಪರಿಚಯ ಮಾಡಿಸಲಿ, ಎರಡನೆಯದಕ್ಕೆ ಜೊತೆದನಿ, ಮೂರನೆಯದಕ್ಕೆ ಎದುರುದನಿ, ಕೊನೆಯ ನುಡಿಗೆ ಮತ್ತೆ ಎಲ್ಲರೂ ಒಂದೇ ಧಾಟಿ. ಎಲ್ಲ ನುಡಿಗಳಿಗೂ ನಾಲ್ಕು ದನಿ ತುಂಬಿದರೆ ಹಬ್ಬದ ಎಲೆಯಲ್ಲಿ ಪಾಯಸವನ್ನೇ ನಾಲ್ಕು ಸಲ ಬಡಿಸಿದ ಹಾಗೆ. ಎದುರುದನಿಗೆ ಮನೆಯಲ್ಲಿ ಚೆನ್ನಾಗಿ ಹಾಡುವವರನ್ನಲ್ಲ, ಚೆನ್ನಾಗಿ ಕೇಳುವವರನ್ನು ಆರಿಸಿ. ಧಾಟಿ ಹಾಡುವವರಿಗೆ ಒಂದು ಗೊತ್ತಿದ್ದರೆ ಸಾಕು. ಅವಳಿಗೆ ಎರಡೂ ಗೊತ್ತಿರಬೇಕು.

ಈ ಕಾಚಿಗೂಡದಲ್ಲಿ ಬಾಳುವ ನಮಗೆ ಆ ಮಾತು ಹೊಸತಲ್ಲ. 1916ರಲ್ಲಿ ಕಟ್ಟಿದ ನಮ್ಮ ಸ್ಟೇಷನ್ನಿನ ಮುಂದೆ ಐದು ನಿಮಿಷ ನಿಂತರೆ ತೆಲುಗು, ದಖನಿ, ಮರಾಠಿ, ಮಾರವಾಡಿ, ನಡುವೆ ಬೀದರ ರಾಯಚೂರು ಕಡೆಯ ನಮ್ಮ ಕನ್ನಡ, ಎಲ್ಲವೂ ಕಿವಿಗೆ ಬೀಳುತ್ತವೆ. 1956ರ ನವೆಂಬರ್ 1ರಂದು ಕಲಬುರಗಿ, ಬೀದರ, ರಾಯಚೂರುಗಳು ಕನ್ನಡ ರಾಜ್ಯಕ್ಕೆ ಸೇರಿದವು. ಹೈದರಾಬಾದಿನ ಕನ್ನಡಿಗರು ಇಲ್ಲಿಯೇ ಉಳಿದರು. ಅಂದಿನಿಂದ ಈ ಊರಿನ ಮುಖ್ಯ ಧಾಟಿ ನಮ್ಮದಲ್ಲ. ಅದಕ್ಕೆ ಕೊರಗಬೇಕಾದದ್ದೂ ಇಲ್ಲ. ನಾವು ಯೋಚಿಸಬೇಕಾದದ್ದು ಎರಡನೆಯ ದನಿಯಾಗಿ ಹೇಗಿರಬೇಕೆಂಬುದನ್ನು.

ನೆನಪಿಡಿ ಎಂದು ಆಗ ಹೇಳಿದ ನಿಯಮ ಇಲ್ಲಿ ಬೇಕಾಗುತ್ತದೆ. ನೆರೆಯವರ ಮಾತು ಎತ್ತ ತಿರುಗಿದರೆ ಅತ್ತ ತಿರುಗಿ, ಮಕ್ಕಳೊಡನೆ ಮನೆಯಲ್ಲೂ ಅದನ್ನೇ ಆಡುತ್ತ ಹೋದರೆ, ನಮ್ಮ ದನಿ ಅದರೊಳಗೆ ಬೆರೆತು ಇದ್ದೂ ಇಲ್ಲದಂತಾಗುತ್ತದೆ. ಅವರ ಧಾಟಿಯನ್ನು ಕೇಳಿಸಿಕೊಳ್ಳದೆ ನಮ್ಮದನ್ನೇ ಗಟ್ಟಿಯಾಗಿ ಕೂಗಿದರೆ ಅದು ಗದ್ದಲ. ನೃಪತುಂಗನ ಹೆಸರಿನ ಶಾಲೆ ನಮ್ಮ ಕಾಚಿಗೂಡದಲ್ಲಿದೆ, ಸಂಘದ ಕೂಟಗಳಿವೆ, ಮನೆಯಲ್ಲಿ ಅಜ್ಜಿಯ ಪದಗಳಿವೆ. ತೆಲುಗನ್ನು ಚೆನ್ನಾಗಿ ಕಲಿಯುತ್ತಲೇ ಇವನ್ನು ಉಳಿಸಿಕೊಂಡ ಮನೆಗಳನ್ನು ನಾವು ಬಲ್ಲೆವು. ಅಂಥ ಮನೆಗಳ ಮಕ್ಕಳು ಎರಡೂ ಧಾಟಿಗಳನ್ನು ಬಲ್ಲವರು. ಕ್ಯಾರಲಿನ ಎರಡನೆಯ ದನಿಗೆ ಉಪಾಧ್ಯಾಯಿನಿಯರು ಅವರನ್ನೇ ಆರಿಸಿದರೆ ಆಶ್ಚರ್ಯವೇನು?

ಬರುವ ಸಂಕ್ರಾಂತಿಯ ಕೂಟದಲ್ಲಿ ಯಾರಾದರೂ ಸಾಹಸ ಮಾಡಿ ಒಂದು ಪದಕ್ಕೆ ಎದುರುದನಿ ಕೂಡಿಸಿ ಹಾಡಿದರೆ ಕೇಳಲು ನಾವು ಮುಂದಿನ ಸಾಲಿನಲ್ಲಿಯೇ ಕೂತಿರುತ್ತೇವೆ. ಕ್ರಿಸ್‌ಮಸ್ ಆಚರಿಸುವ ನಮ್ಮ ಕನ್ನಡ ಬಾಂಧವರಿಗೆ ಹಬ್ಬದ ಶುಭಾಶಯ. ಎಲ್ಲ ಮನೆಗಳಿಗೂ ಹೊಸ ವರ್ಷದ ಹಾರೈಕೆ.